‘ವಿಪಿಎನ್ ಬರುತ್ತಿಲ್ಲ’ ಎಂಬ ಒಂದು ಸಾಲಿನ ದೂರು

(ಕಂಪ್ಯೂಟರ್ ಸಹಾಯ ವಿಭಾಗದವರು ಮತ್ತು ಕಚೇರಿ ಸಿಬ್ಬಂದಿ ಒಟ್ಟಿಗೆ ಕುಳಿತಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ. ಸಹಾಯ ವಿಭಾಗಕ್ಕೆ ಸೇರಿದ ಹೊಸತು. ಒಂದು ದೂರು ಬಂತು. ಅದರಲ್ಲಿ ಇದ್ದದ್ದು ಮೂರೇ ಪದ: ‘ವಿಪಿಎನ್ ಬರುತ್ತಿಲ್ಲ, ತುರ್ತು’. ವಿಪಿಎನ್ ಎಂದರೆ ಹೊರಗಿರುವ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಕಚೇರಿಯ ಜಾಲಕ್ಕೆ ಜೋಡಿಸುವ ಗುಪ್ತ ಸುರಂಗ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ನಾನು. ಹೋದವನೇ ವಿಪಿಎನ್ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದೆ. ಪಾಸ್‌ವರ್ಡ್ ಬದಲಿಸಿದೆ. ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆದೆ. ಎರಡು ಗಂಟೆ ಹೋಯಿತು. ಅಷ್ಟರಲ್ಲಿ ಆ ಕಂಪ್ಯೂಟರ್ ಬಳಸುತ್ತಿದ್ದವರು ಎರಡು ಸಲ ಹೇಳಿದ್ದರು: ‘ಸರ್, ಬೇರೆ ವೆಬ್‌ಸೈಟುಗಳೂ ಏನೋ ಎಚ್ಚರಿಕೆ ತೋರಿಸುತ್ತಿವೆ.’ ‘ಅದನ್ನು ಆಮೇಲೆ ನೋಡೋಣ ಮೇಡಂ’ ಎಂದು ಎರಡು ಸಲವೂ ತಳ್ಳಿಹಾಕಿದ್ದೆ. ಕೊನೆಗೆ ಪರದೆಯ ಮೂಲೆಯಲ್ಲಿದ್ದ ದಿನಾಂಕ ಕಣ್ಣಿಗೆ ಬಿತ್ತು. ಮದರ್‌ಬೋರ್ಡಿನ ಮೇಲಿನ ನಾಣ್ಯದಷ್ಟು ದೊಡ್ಡ ಬ್ಯಾಟರಿ ಸತ್ತು, ಕಂಪ್ಯೂಟರಿನ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಆ ಯಂತ್ರದ ಲೆಕ್ಕದಲ್ಲಿ ನಮ್ಮ ಸರ್ವರಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇರಲಿಲ್ಲ. ಹುಟ್ಟದಿರುವವರ ಗುರುತಿನ ಚೀಟಿಯನ್ನು ಅದು ನಂಬುವುದು ಹೇಗೆ?

ತಾರೀಖು ಸರಿಪಡಿಸಲು ಹಿಡಿದದ್ದು ಅರ್ಧ ನಿಮಿಷ. ಉತ್ತರವನ್ನು ಅವರು ಎರಡು ಸಲ ನನ್ನ ಕೈಗೇ ಇಟ್ಟಿದ್ದರು, ನಾನು ತೆಗೆದುಕೊಂಡಿರಲಿಲ್ಲ. ಹಾಗಾಗಿ ಇವತ್ತಿನ ಮಾತೆಲ್ಲ ಮುಖ್ಯವಾಗಿ ಕೇಳುವುದರ ಬಗ್ಗೆ, ಕೈ ಹಾಕುವುದರ ಬಗ್ಗೆ ಸ್ವಲ್ಪ ಕಡಿಮೆ.

‘ಬರುತ್ತಿಲ್ಲ’ ಎಂಬ ಪದದೊಳಗೆ ಕನಿಷ್ಠ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಒಂದು, ಸಂಪರ್ಕವೇ ಕೂಡುತ್ತಿಲ್ಲ. ಎರಡು, ‘ಕನೆಕ್ಟೆಡ್’ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ, ಆದರೆ ಕಚೇರಿಯ ಫೈಲು ತೆರೆಯುವುದಿಲ್ಲ. ದೂರು ಕೊಡುವವರಿಗೆ ಇವೆರಡೂ ಒಂದೇ, ಅದು ಸಹಜ. ಅವರಿಗೆ ಬೇಕಾಗಿರುವುದು ಫೈಲು. ಆದರೆ ನಮಗೆ ಇವು ಜ್ವರ ಮತ್ತು ಮೂಳೆಮುರಿತದಷ್ಟು ಬೇರೆ. ಮೊದಲನೆಯದರಲ್ಲಿ ಸುರಂಗವೇ ಕೊರೆದಾಗಿಲ್ಲ. ಎರಡನೆಯದರಲ್ಲಿ ಸುರಂಗ ಸಿದ್ಧವಿದೆ, ಸಾಮಾನು ಮಾತ್ರ ಅದರೊಳಗೆ ಹೋಗುತ್ತಿಲ್ಲ. ಎರಡನೆಯ ಬಗೆಯ ತೊಂದರೆಗೆ ಪಾಸ್‌ವರ್ಡ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಾನು ಅಂಥ ಬರೆಗಳನ್ನು ಸಾಕಷ್ಟು ಹಾಕಿದ್ದೇನೆ.

ಮೊದಲು ಸುರಂಗ ಕೂಡದಿರುವುದನ್ನು ನೋಡೋಣ.

ನಿಮ್ಮ ಕಂಪ್ಯೂಟರ್ ಮೊದಲು ಇಂಟರ್ನೆಟ್ಟಿಗೆ ತಲುಪಬೇಕು. ಇದು ಹಾಸ್ಯದ ಮಾತಲ್ಲ. ಹೋಟೆಲು, ವಿಮಾನ ನಿಲ್ದಾಣಗಳ ವೈಫೈಗೆ ಸೇರಿದ ಕೂಡಲೇ ಸಿಗ್ನಲ್ ಗೆರೆಗಳು ತುಂಬಿಕೊಳ್ಳುತ್ತವೆ. ಆದರೆ ಬ್ರೌಸರ್ ತೆರೆದು, ಅವರ ಪುಟದಲ್ಲಿ ‘ಒಪ್ಪಿದ್ದೇನೆ’ ಎಂಬುದನ್ನು ಒತ್ತುವ ತನಕ ಒಂದು ಪ್ಯಾಕೆಟ್ಟೂ (ದತ್ತಾಂಶದ ಸಣ್ಣ ಪೊಟ್ಟಣ) ಹೊರಗೆ ಹೋಗುವುದಿಲ್ಲ. ವಿಪಿಎನ್ ತಂತ್ರಾಂಶಕ್ಕೆ ಆ ಪುಟ ಕಾಣದು. ಅದು ಸುಮ್ಮನೆ ಕಾದು ಕಾದು ‘ಸರ್ವರ್ ಉತ್ತರಿಸುತ್ತಿಲ್ಲ’ ಎನ್ನುತ್ತದೆ. ಹಾಗಾಗಿ ಮೊದಲ ಪರೀಕ್ಷೆ ಯಾವಾಗಲೂ ಒಂದೇ: ವಿಪಿಎನ್ ಆಫ್ ಮಾಡಿ, ಬ್ರೌಸರಿನಲ್ಲಿ ಹಿಂದೆಂದೂ ತೆರೆಯದ ಯಾವುದಾದರೂ ಸಾರ್ವಜನಿಕ ಪುಟವನ್ನು ತೆರೆಯಿರಿ. ಹಿಂದೆ ನೋಡಿದ ಪುಟವಾದರೆ ಅದು ಕಂಪ್ಯೂಟರಿನ ನೆನಪಿನಿಂದಲೇ ಬಂದಿರಬಹುದು.

ಎರಡನೆಯ ಪರೀಕ್ಷೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಅದೇ ಕಂಪ್ಯೂಟರಿನಿಂದ ವಿಪಿಎನ್ ಪ್ರಯತ್ನಿಸಿ. ಎರಡು ನಿಮಿಷದ ಕೆಲಸ, ಅರ್ಧ ಜಗತ್ತನ್ನು ಅನುಮಾನದಿಂದ ಬಿಡುಗಡೆ ಮಾಡುತ್ತದೆ. ಹಾಟ್‌ಸ್ಪಾಟಿನಲ್ಲಿ ಕೂಡಿದರೆ ನಿಮ್ಮ ಕಂಪ್ಯೂಟರ್, ನಿಮ್ಮ ಖಾತೆ, ಕಚೇರಿಯ ಸರ್ವರ್ ಮೂರೂ ನಿರ್ದೋಷಿಗಳು. ತೊಂದರೆ ಇರುವುದು ಮೊದಲು ಬಳಸುತ್ತಿದ್ದ ಜಾಲದಲ್ಲಿ, ಅಂದರೆ ರೂಟರಿನಲ್ಲಿ ಅಥವಾ ಆ ಇಂಟರ್ನೆಟ್ ಕಂಪನಿಯ ದಾರಿಯಲ್ಲಿ. ಹಾಟ್‌ಸ್ಪಾಟಿನಲ್ಲೂ ಕೂಡದಿದ್ದರೆ ರೂಟರಿನ ಮೇಲಿನ ಅನುಮಾನ ಬಹುಮಟ್ಟಿಗೆ ಕರಗಿತು. ಬಹುಮಟ್ಟಿಗೆ ಎಂದೆ, ಏಕೆಂದರೆ ಕೆಲವು ಹಳೆಯ ಬಗೆಯ ವಿಪಿಎನ್‌ಗಳು ಮೊಬೈಲ್ ಜಾಲದಲ್ಲಿ ಒದ್ದಾಡುವುದುಂಟು.

ಅದಕ್ಕೆ ಕಾರಣ ತಿಳಿಯಬೇಕಾದರೆ ಬಾಗಿಲುಗಳ ಮಾತು ಬರುತ್ತದೆ. ಪ್ರತಿಯೊಂದು ಬಗೆಯ ವಿಪಿಎನ್ ಒಂದೊಂದು ಪೋರ್ಟಿನ, ಅಂದರೆ ಸಂಖ್ಯೆ ಹೊತ್ತ ಬಾಗಿಲಿನ ಮೂಲಕ ಹೊರಡುತ್ತದೆ. ಯುಡಿಪಿ, ಟಿಸಿಪಿ ಎಂಬವು ಪ್ಯಾಕೆಟ್ ಸಾಗಿಸುವ ಎರಡು ಕ್ರಮಗಳು. ಐಪಿಸೆಕ್ ಎಂಬ ಗುಪ್ತ ಹೊದಿಕೆ ಬಳಸುವ ಐಕೆಇವಿ2 ಮತ್ತು ಎಲ್2ಟಿಪಿಗೆ ಯುಡಿಪಿ 500 ಮತ್ತು 4500 ಬೇಕು. ಎಲ್2ಟಿಪಿಯ ಸ್ವಂತ ಪೋರ್ಟು 1701 ಐಪಿಸೆಕ್ ಹೊದಿಕೆಯ ಒಳಗೇ ಇರುವುದರಿಂದ ದಾರಿಯ ಫೈರ್‌ವಾಲಿನಲ್ಲಿ, ಅಂದರೆ ಸಂಚಾರ ತಡೆಯುವ ಕಾವಲಿನಲ್ಲಿ, ಅದನ್ನು ಪ್ರತ್ಯೇಕವಾಗಿ ತೆರೆಯಬೇಕಾಗಿಲ್ಲ. ಆದರೂ ಅದನ್ನು ತೆರೆದು, ಉಳಿದೆರಡನ್ನು ಮರೆತವರನ್ನು ನೋಡಿದ್ದೇನೆ. ಓಪನ್‌ವಿಪಿಎನ್ ಸಾಮಾನ್ಯವಾಗಿ ಯುಡಿಪಿ 1194ರಲ್ಲಿ, ವೈರ್‌ಗಾರ್ಡ್ ಯುಡಿಪಿ 51820ರಲ್ಲಿ ಇರುತ್ತವೆ. ಎಸ್‌ಎಸ್‌ಟಿಪಿ ಮಾತ್ರ ಜಾಣ. ಸುರಕ್ಷಿತ ವೆಬ್‌ಸೈಟುಗಳು ಬಳಸುವ ಟಿಸಿಪಿ 443ರಲ್ಲೇ ಹೋಗುವುದರಿಂದ ಬಹುತೇಕ ಎಲ್ಲ ಕಡೆಯೂ ನುಸುಳುತ್ತದೆ. ಇನ್ನು ಪಿಪಿಟಿಪಿ. ಅದು ಟಿಸಿಪಿ 1723ರಲ್ಲಿ ಮಾತು ಶುರು ಮಾಡಿ, ದತ್ತಾಂಶವನ್ನು ಜಿಆರ್‌ಇ ಎಂಬ, ಪೋರ್ಟ್ ಸಂಖ್ಯೆಯೇ ಇಲ್ಲದ ಬೇರೊಂದು ಬಂಡಿಯಲ್ಲಿ ಕಳಿಸುತ್ತದೆ. ಒಂದೇ ವಿಳಾಸವನ್ನು ಹಲವರಿಗೆ ಹಂಚುವ ಮೊಬೈಲ್ ಜಾಲಗಳಿಗೆ ಈ ಬಂಡಿ ಯಾರದೆಂದು ಗೊತ್ತಾಗದೆ ಕೈಬಿಡುತ್ತವೆ. ಪಿಪಿಟಿಪಿ ಇನ್ನೂ ನಿಮ್ಮ ಕಚೇರಿಯಲ್ಲಿ ಇದ್ದರೆ ಅದನ್ನು ರಿಪೇರಿ ಮಾಡುವುದಕ್ಕೆ ನನ್ನಲ್ಲಿ ಸಲಹೆ ಇಲ್ಲ, ತೆಗೆದುಹಾಕಿ. ಅದರ ಗುಪ್ತತೆಯನ್ನು ಮುರಿಯಬಹುದೆಂದು ಬಹಳ ಹಿಂದೆಯೇ ತೋರಿಸಿದ್ದಾಗಿದೆ; ಆಪಲ್ 2016ರಲ್ಲೇ ತನ್ನ ಐಒಎಸ್ 10 ಮತ್ತು ಮ್ಯಾಕ್‌ಒಎಸ್ ಸಿಯೆರಾದಿಂದ ಅದನ್ನು ಹೊರಗೆ ಕಳಿಸಿತು.

ವಿಂಡೋಸ್ ಬಳಸುವವರಿಗೆ ಒಂದು ವಿನಂತಿ. ತಪ್ಪಿನ ಸಂದೇಶದ ಜೊತೆಗೆ ಬರುವ ಸಂಖ್ಯೆಯನ್ನು ಬರೆದುಕೊಳ್ಳಿ. ವಾಕ್ಯವನ್ನು ಯಾರೂ ಓದುವುದಿಲ್ಲ, ಓದಿದರೂ ಅರ್ಥವಾಗುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಸಂಖ್ಯೆ ಮಾತ್ರ ನೇರವಾಗಿ ಮಾತಾಡುತ್ತದೆ. 868 ಎಂದರೆ ಸರ್ವರಿನ ಹೆಸರಿಗೆ ವಿಳಾಸ ಸಿಗಲಿಲ್ಲ. ಹೆಸರು ತಪ್ಪಾಗಿರಬಹುದು, ಇಂಟರ್ನೆಟ್ಟೇ ಇಲ್ಲದಿರಬಹುದು. 809 ಎಂದರೆ ವಿಳಾಸ ಸಿಕ್ಕಿತು, ಬಾಗಿಲು ತಟ್ಟಿದ್ದಾಯಿತು, ಒಳಗಿನಿಂದ ಸದ್ದಿಲ್ಲ; ದಾರಿಯಲ್ಲಿ ಫೈರ್‌ವಾಲ್ ಅಥವಾ ರೂಟರ್ ತಡೆದಿದೆ. 691 ಎಂದರೆ ಬಾಗಿಲು ತೆರೆದವರು ನಿಮ್ಮ ಗುರುತನ್ನು ಒಪ್ಪಲಿಲ್ಲ. 13801 ಎಂದರೆ ಸರ್ಟಿಫಿಕೇಟಿನ ತಕರಾರು. 868ರಿಂದ 691ರವರೆಗೆ ಬಂದಿದ್ದೀರಿ ಎಂದರೆ ದಾರಿಯಲ್ಲಿ ಬಹಳ ಮುಂದೆ ಬಂದಿದ್ದೀರಿ ಎಂದು ಅರ್ಥ. ತಪ್ಪು ಬದಲಾಗುವುದೂ ಒಂದು ಪ್ರಗತಿ.

ಈ 809ರಲ್ಲಿ ಒಂದು ವಿಶೇಷ ಪ್ರಕರಣವಿದೆ. ಕಚೇರಿಯ ವಿಪಿಎನ್ ಸರ್ವರ್ ತಾನೇ ಒಂದು ರೂಟರಿನ ಹಿಂದೆ, ಖಾಸಗಿ ವಿಳಾಸದಲ್ಲಿ ಕುಳಿತಿದ್ದರೆ, ವಿಂಡೋಸ್ ತನ್ನ ಮೂಲ ಸೆಟ್ಟಿಂಗಿನಲ್ಲಿ ಅದರೊಂದಿಗೆ ಎಲ್2ಟಿಪಿ ಮಾತಾಡಲು ಒಪ್ಪುವುದಿಲ್ಲ. ವಿಂಡೋಸಿನ ಒಳ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಐಪಿಸೆಕ್ ನೀತಿಗೆ ಸೇರಿದ ಒಂದು ಮೌಲ್ಯವನ್ನು 2 ಎಂದು ಇಟ್ಟು ಕಂಪ್ಯೂಟರನ್ನು ಮರುಚಾಲನೆ ಮಾಡಿದ ಮೇಲೆಯೇ ಒಪ್ಪುತ್ತದೆ. ಮೊಬೈಲಿನಿಂದ ಅದೇ ವಿಪಿಎನ್ ಸಲೀಸಾಗಿ ಕೂಡುತ್ತದೆ, ವಿಂಡೋಸಿನಿಂದ ಇಲ್ಲ ಎಂದಾದರೆ ಇದನ್ನು ನೆನಪಿಸಿಕೊಳ್ಳಿ.

‘ನಿನ್ನೆಯವರೆಗೆ ಸರಿಯಿತ್ತು’ ಎಂದು ಯಾರಾದರೂ ಹೇಳಿದರೆ ನಾವು ಸಾಮಾನ್ಯವಾಗಿ ನಗುತ್ತೇವೆ. ನಗಬಾರದು. 2022ರ ಜನವರಿ 11ರಂದು ಮೈಕ್ರೋಸಾಫ್ಟ್ ಮಾಸಿಕ ನವೀಕರಣ ಬಿಟ್ಟಿತು. ವಿಂಡೋಸ್ 10ಕ್ಕೆ ಕೆಬಿ5009543, ವಿಂಡೋಸ್ 11ಕ್ಕೆ ಕೆಬಿ5009566. ಅದು ಕೂತ ಕಂಪ್ಯೂಟರುಗಳಲ್ಲಿ ಕೆಲವು ಬಗೆಯ ಐಪಿಸೆಕ್ ಮತ್ತು ಎಲ್2ಟಿಪಿ ಸಂಪರ್ಕಗಳು ನಿಂತೇ ಹೋದವು. ಕಾಣಿಸಿದ್ದು ‘ಆರಂಭದ ಮಾತುಕತೆಯಲ್ಲಿ ಭದ್ರತಾ ಪದರಕ್ಕೆ ತೊಡಕಾಯಿತು’ ಎಂಬ ಅರ್ಥದ ಸಂದೇಶ, ಅಂದರೆ 789. ಉಳಿದ ದಿನಗಳಲ್ಲಿ ಈ ಸಂಖ್ಯೆ ಕಂಡರೆ ಸರ್ವರ್ ಮತ್ತು ಕಂಪ್ಯೂಟರ್ ಮೊದಲೇ ಹಂಚಿಕೊಂಡ ಗುಪ್ತಪದ ತಪ್ಪಾಗಿದೆಯೇ ಎಂದು ನೋಡುವುದು ವಾಡಿಕೆ. ಆ ವಾರ ಗುಪ್ತಪದವನ್ನು ಎಷ್ಟು ಸಲ ಹೊಸದಾಗಿ ಬರೆದರೂ ಪ್ರಯೋಜನವಿರಲಿಲ್ಲ. ಜನವರಿ 17ರಂದು ತಿದ್ದುಪಡಿ ಬರುವವರೆಗೆ ಇದ್ದ ದಾರಿ ನವೀಕರಣವನ್ನು ತೆಗೆದುಹಾಕುವುದು, ಆದರೆ ಅದರೊಂದಿಗೆ ಆ ತಿಂಗಳ ಭದ್ರತಾ ತೇಪೆಗಳೂ ಹೋಗುತ್ತಿದ್ದವು. ಒಂದೇ ಬೆಳಗ್ಗೆ ಒಂದೇ ಸಂಖ್ಯೆಯ ನಾಲ್ಕು ದೂರು ಬಂದರೆ ನಾಲ್ವರ ಮೇಜಿಗೆ ಓಡುವ ಬದಲು ನವೀಕರಣದ ಪಟ್ಟಿ ತೆರೆಯಿರಿ.

ಗುರುತಿನ ವಿಷಯಕ್ಕೆ ಬರೋಣ. ಪಾಸ್‌ವರ್ಡ್ ತಪ್ಪು ಎಂದು ಬಂದರೆ ನಿಜವಾಗಿಯೂ ತಪ್ಪಾಗಿರುವ ಸಾಧ್ಯತೆಯೇ ಹೆಚ್ಚು. ಅದರಲ್ಲಿ ರಹಸ್ಯವಿಲ್ಲ. ಸ್ವಾರಸ್ಯವಿರುವುದು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಖಾತೆ ಮತ್ತೆ ಮತ್ತೆ ಬೀಗ ಹಾಕಿಕೊಳ್ಳುವ ಪ್ರಕರಣದಲ್ಲಿ. ಸೋಮವಾರ ಪಾಸ್‌ವರ್ಡ್ ಬದಲಿಸಿದ್ದೀರಿ. ಕಂಪ್ಯೂಟರಿಗೆ ಹೇಳಿದ್ದೀರಿ. ಜೇಬಿನಲ್ಲಿರುವ ಮೊಬೈಲಿನ ಇಮೇಲಿಗೆ ಹೇಳಿಲ್ಲ. ಅದು ಹಳೆಯ ಪಾಸ್‌ವರ್ಡ್ ಹಿಡಿದು ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟುತ್ತದೆ, ಸರ್ವರ್ ಇವನ್ಯಾರೋ ಕಳ್ಳ ಎಂದು ಖಾತೆಗೆ ಬೀಗ ಹಾಕುತ್ತದೆ, ನೀವು ವಿಪಿಎನ್ ಮೇಲೆ ರೇಗುತ್ತೀರಿ. ಬೀಗ ತೆಗೆಸಿದ ಕಾಲು ಗಂಟೆಯಲ್ಲಿ ಮತ್ತೆ ಅದೇ ಕಥೆ. ಮೊಬೈಲನ್ನು ಏರ್‌ಪ್ಲೇನ್ ಸ್ಥಿತಿಗೆ ಹಾಕಿ, ಬೀಗ ತೆಗೆಸಿ, ಅರ್ಧ ಗಂಟೆ ಕಾದು ನೋಡಿ.

ಪಾಸ್‌ವರ್ಡ್ ಆದ ಮೇಲೆ ಕೇಳುವ ಎರಡನೆಯ ಹಂತದ ಆರಂಕಿ ಸಂಕೇತ ಬಳಸುವವರು ಮೊಬೈಲಿನ ಗಡಿಯಾರವನ್ನು ಸ್ವಯಂಚಾಲಿತವಾಗಿ ಬಿಡಬೇಕು. ಆ ಸಂಕೇತ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸದಾಗುವುದು ಗಡಿಯಾರದ ಲೆಕ್ಕದಿಂದಲೇ. ಗಡಿಯಾರವನ್ನು ಕೈಯಿಂದ ಐದು ನಿಮಿಷ ಮುಂದಿಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ, ಸಭೆಗೆ ತಡವಾಗಬಾರದೆಂದು. ಸಭೆಗೆ ಸರಿಯಾಗಿ ಹೋಗುತ್ತಾರೆ, ವಿಪಿಎನ್‌ಗೆ ಹೋಗಲಾರರು.

ಸರ್ಟಿಫಿಕೇಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅವಧಿ ಮುಗಿದಿರಬಹುದು, ಅಥವಾ ನೀವು ಸರ್ವರಿನ ಹೆಸರಿನ ಬದಲು ಅಂಕಿಯ ವಿಳಾಸ ಹಾಕಿರಬಹುದು. ಸರ್ಟಿಫಿಕೇಟಿನಲ್ಲಿ ಹೆಸರಿರುತ್ತದೆ, ಹಾಗಾಗಿ ಹೊಂದುವುದಿಲ್ಲ. ಇನ್ನೊಂದು, ಬೆಳಗ್ಗೆ ಹತ್ತಕ್ಕೆ ಕೂಡದೆ ಊಟದ ಹೊತ್ತಿಗೆ ತಾನಾಗಿ ಕೂಡಿದರೆ ಅದು ಜಾಗದ ಕೊರತೆ. ವಿಪಿಎನ್‌ಗೆ ಎಂದು ಮೀಸಲಿಟ್ಟ ವಿಳಾಸಗಳ ಗುಂಪಿನಲ್ಲಿ 254 ಇದ್ದರೆ 255ನೆಯವರು ಹೊರಗೇ ನಿಲ್ಲುತ್ತಾರೆ. ಪರವಾನಗಿಯ ಮಿತಿಯೂ ಹೀಗೆಯೇ ವರ್ತಿಸುತ್ತದೆ. ಇದನ್ನು ಬಳಕೆದಾರರ ಕಂಪ್ಯೂಟರಿನಲ್ಲಿ ಹುಡುಕಿದರೆ ಎಂದೂ ಸಿಗದು.

ಈಗ ಎರಡನೆಯ ಕಾಯಿಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಸ್ಥಿತಿ. ಕೂಡಿದೆ, ಹಸಿರಾಗಿದೆ, ಏನೂ ತೆರೆಯುತ್ತಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ಸಮಯ ತಿನ್ನುವುದು ಇದೇ.

ಕಚೇರಿಯ ಸರ್ವರನ್ನು ಹೆಸರಿನಿಂದ ತೆರೆಯಲು ನೋಡಿ, ಆಮೇಲೆ ಅಂಕಿಯ ವಿಳಾಸದಿಂದ ನೋಡಿ. ಅಂಕಿಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ಸುರಂಗ ಚೆನ್ನಾಗಿದೆ, ಹೆಸರು ಕೇಳುವ ಕಡೆ ತಪ್ಪಾಗಿದೆ: ನಿಮ್ಮ ಕಂಪ್ಯೂಟರ್ ಹೆಸರಿಗೆ ಅಂಕಿಯ ವಿಳಾಸ ಹೇಳುವ ಕಚೇರಿಯ ಡಿಎನ್‌ಎಸ್ ಸರ್ವರನ್ನು ಕೇಳುವ ಬದಲು ಮನೆಯ ರೂಟರನ್ನು ಕೇಳುತ್ತಿದೆ. ಕಚೇರಿಯ ಒಳಗಿನ ಹೆಸರು ಮನೆಯ ರೂಟರಿಗೆ ಹೇಗೆ ಗೊತ್ತಿರಬೇಕು? ಸರ್ವರಿನ ಪೂರ್ಣ ಹೆಸರು, ಅಂದರೆ ಕಚೇರಿಯ ಡೊಮೇನ್ ಸೇರಿಸಿ ಬರೆದರೆ ಕೆಲವೊಮ್ಮೆ ಅಷ್ಟರಲ್ಲೇ ಸರಿಹೋಗುತ್ತದೆ. ಸಹಾಯ ವಿಭಾಗದವರಿಗೆ ಒಂದು ಎಚ್ಚರಿಕೆ. ಹೆಸರಿನ ವಿಳಾಸ ಹುಡುಕುವ ವಿಂಡೋಸಿನ ಎನ್‌ಎಸ್‌ಲುಕಪ್ ಆಜ್ಞೆ ಇಲ್ಲಿ ದಾರಿ ತಪ್ಪಿಸಬಲ್ಲದು. ಯಾವ ಡೊಮೇನಿಗೆ ಯಾವ ಡಿಎನ್‌ಎಸ್ ಎಂದು ವಿಪಿಎನ್ ಬರೆದಿಟ್ಟ ನಿಯಮಪಟ್ಟಿಯನ್ನು ಅದು ನೋಡುವುದೇ ಇಲ್ಲ. ಅದು ‘ಇಲ್ಲ’ ಎಂದ ಹೆಸರು ಪಿಂಗ್‌ಗೆ, ಅಂದರೆ ಇನ್ನೊಂದು ಕಂಪ್ಯೂಟರನ್ನು ತಟ್ಟಿ ಉತ್ತರ ಬರುತ್ತದೆಯೇ ನೋಡುವ ಆಜ್ಞೆಗೆ, ಸಿಗಬಹುದು. ಪಿಂಗ್ ಉಳಿದ ತಂತ್ರಾಂಶಗಳು ಕೇಳುವ ರೀತಿಯಲ್ಲೇ ಹೆಸರು ಕೇಳುತ್ತದೆ, ಅದನ್ನು ನಂಬಿ.

ಅಂಕಿಯಿಂದಲೂ ತೆರೆಯದಿದ್ದರೆ ವಿಳಾಸಗಳ ಘರ್ಷಣೆಯನ್ನು ಅನುಮಾನಿಸಿ. ಖಾಸಗಿ ಜಾಲಗಳಿಗೆಂದು 1996ರಲ್ಲಿ ಮೂರು ವಿಳಾಸ ಗುಂಪುಗಳನ್ನು ಎತ್ತಿಟ್ಟರು: 10ರಿಂದ ಶುರುವಾಗುವುದು, 172.16ರಿಂದ 172.31ರವರೆಗಿನದು, 192.168ರದು. ಮನೆಯ ರೂಟರುಗಳಲ್ಲಿ ಬಹಳಷ್ಟು 192.168.0 ಅಥವಾ 192.168.1 ಹಿಡಿದು ಕಾರ್ಖಾನೆಯಿಂದ ಬರುತ್ತವೆ. ಕಚೇರಿಯನ್ನು ಸಣ್ಣದಾಗಿದ್ದಾಗ ಕಟ್ಟಿದವರೂ ಅದನ್ನೇ ಬಿಟ್ಟಿದ್ದರೆ ಮುಗಿಯಿತು. ಕಚೇರಿಯ ಫೈಲ್ ಸರ್ವರ್ 192.168.1.20ರಲ್ಲಿದೆ, ನಿಮ್ಮ ಮನೆಯಲ್ಲಿ ಅದೇ ವಿಳಾಸ ಟಿವಿಗೆ ಸಿಕ್ಕಿದೆ. ಕಂಪ್ಯೂಟರ್ ಸಾಮಾನ್ಯವಾಗಿ ಹತ್ತಿರದ ನೆರೆಯನ್ನೇ ನಂಬುತ್ತದೆ. ನೀವು ಕಳಿಸಿದ ಕೋರಿಕೆ ಸುರಂಗದ ಕಡೆಗೆ ತಿರುಗದೆ ನಡುಮನೆಯ ಟಿವಿಗೆ ಹೋಗುತ್ತದೆ. ಟಿವಿ ಫೈಲು ಎಲ್ಲಿಂದ ತರಬೇಕು? ತಕ್ಷಣದ ಪರಿಹಾರ ಮನೆಯ ರೂಟರಿನ ವಿಳಾಸದ ಗುಂಪನ್ನು ಬದಲಿಸುವುದು. ಆದರೆ ನೂರು ಮನೆಗಳ ರೂಟರ್ ಬದಲಿಸುವುದಕ್ಕಿಂತ ಒಂದು ಕಚೇರಿಯ ವಿಳಾಸ ಬದಲಿಸುವುದು ವಿವೇಕ. ಹೊಸ ಜಾಲ ಕಟ್ಟುತ್ತಿರುವವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು 192.168.0 ಮತ್ತು 192.168.1ರ ಹತ್ತಿರ ಸುಳಿಯಬೇಡಿ.

ಎಲ್ಲಕ್ಕಿಂತ ಸತಾಯಿಸುವ ತೊಂದರೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಲಾಗಿನ್ ಆಗುತ್ತದೆ. ಫೋಲ್ಡರಿನ ಪಟ್ಟಿ ಕಾಣುತ್ತದೆ. ಸಣ್ಣ ಫೈಲು ಬರುತ್ತದೆ. ದೊಡ್ಡ ಫೈಲು ತೆರೆದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಬಳಕೆದಾರರು ‘ವಿಪಿಎನ್ ನಿಧಾನ’ ಎನ್ನುತ್ತಾರೆ. ನಿಧಾನವಲ್ಲ, ಪ್ಯಾಕೆಟ್ ಬಾಗಿಲಿಗಿಂತ ದಪ್ಪವಾಗಿದೆ. ಎಥರ್ನೆಟ್ ಒಂದು ಸಲಕ್ಕೆ 1500 ಬೈಟ್‌ಗಳ ಪ್ಯಾಕೆಟ್ ಒಯ್ಯುತ್ತದೆ. ಪಿಪಿಪಿಒಇ ಎಂಬ ಲಾಗಿನ್ ವಿಧಾನ ಬಳಸುವ ಬ್ರಾಡ್‌ಬ್ಯಾಂಡಿನಲ್ಲಿ ಅದು 1492. ವಿಪಿಎನ್ ಪ್ರತಿ ಪ್ಯಾಕೆಟ್ಟಿಗೂ ಹೊಸ ಹೊದಿಕೆ ಸುತ್ತುವುದರಿಂದ ಒಳಗಿನ ಸಾಮಾನಿಗೆ ಉಳಿಯುವ ಜಾಗ ಇನ್ನೂ ಕಡಿಮೆ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುವುದು ಇದಕ್ಕೇ. ದಾರಿಯ ಯಾವುದೋ ರೂಟರಿನಲ್ಲಿ ಪ್ಯಾಕೆಟ್ ಹಿಡಿಸದಿದ್ದರೆ, ಒಡೆಯಬಾರದೆಂಬ ಸೂಚನೆಯೂ ಅದರ ಮೇಲಿದ್ದರೆ, ಆ ರೂಟರ್ ‘ದೊಡ್ಡದಾಯಿತು, ಸಣ್ಣದು ಕಳಿಸಿ’ ಎಂಬ ಐಸಿಎಂಪಿ (ಜಾಲದ ಸ್ಥಿತಿ ತಿಳಿಸುವ ಸಂದೇಶ) ಚೀಟಿಯನ್ನು ಹಿಂದಕ್ಕೆ ಕಳಿಸಬೇಕು. ಆದರೆ ಐಸಿಎಂಪಿ ಎಂದರೆ ಅಪಾಯ ಎಂದು ಎಲ್ಲೋ ಓದಿದ ನಿರ್ವಾಹಕರು ಅದನ್ನು ಸಾರಾಸಗಟಾಗಿ ಫೈರ್‌ವಾಲಿನಲ್ಲಿ ತಡೆದಿರುತ್ತಾರೆ. ಚೀಟಿ ತಲುಪುವುದಿಲ್ಲ, ಕಳಿಸಿದವರು ಅದೇ ದಪ್ಪ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾರೆ, ಅದು ಅಲ್ಲೇ ಸಾಯುತ್ತದೆ.

ಪರೀಕ್ಷೆ ಸುಲಭ. ವಿಪಿಎನ್ ಕೂಡಿದ ಮೇಲೆ ಕಚೇರಿಯ ಒಳಗಿನ ಒಂದು ಕಂಪ್ಯೂಟರಿಗೆ, ಒಡೆಯಬಾರದು ಎಂಬ ಆಯ್ಕೆ ಹಾಕಿ, 1472 ಬೈಟಿನ ಪಿಂಗ್ ಕಳಿಸಿ. ಅದಕ್ಕೆ ಶಿರೋಭಾಗದ 28 ಬೈಟ್ ಸೇರಿದರೆ 1500. ಬಹುಶಃ ಹೋಗುವುದಿಲ್ಲ. ಹತ್ತತ್ತು ಇಳಿಸುತ್ತ ಬನ್ನಿ. ಉತ್ತರ ಬಂದ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿ, ಅದನ್ನು ವಿಪಿಎನ್ ಅಡಾಪ್ಟರಿನ (ಕಂಪ್ಯೂಟರಿನಲ್ಲಿ ಸುರಂಗದ ಬಾಯಿ) ಎಂಟಿಯು, ಅಂದರೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರ ಎಂದು ನಮೂದಿಸಿ. ಒಂದು ಕಚೇರಿಯಲ್ಲಿ ವಾರಗಟ್ಟಲೆ ‘ಇಂಟರ್ನೆಟ್ ಸರಿಯಿಲ್ಲ’ ಎಂದು ಸೇವೆಯ ಕಂಪನಿಯೊಂದಿಗೆ ಜಗಳವಾಡಿದ್ದೆವು. ಈ ಒಂದು ಸಂಖ್ಯೆ ಇಳಿಸಿದ ಮಧ್ಯಾಹ್ನ ಎಲ್ಲ ತಣ್ಣಗಾಯಿತು. ಕಂಪನಿಯವರ ಕ್ಷಮೆಯನ್ನು ಯಾರೂ ಕೇಳಲಿಲ್ಲ.

ಮಾಡಬಾರದ ಒಂದು ಕೆಲಸದ ಬಗ್ಗೆಯೂ ಹೇಳಬೇಕು. ಫೈರ್‌ವಾಲ್ ಆಫ್ ಮಾಡಿ ನೋಡುವುದು ಒಂದು ನಿಮಿಷದ ಪರೀಕ್ಷೆಯಾದರೆ ಸರಿ, ಆದರೆ ಹಾಗೇ ಬಿಟ್ಟು ಎದ್ದು ಹೋಗುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ‘ಸಂಕೇತ ಬರುತ್ತಿಲ್ಲ, ಸದ್ಯಕ್ಕೆ ಎರಡನೆಯ ಹಂತ ತೆಗೆದುಬಿಡಿ’ ಎಂದು ದೊಡ್ಡವರು ಒತ್ತಾಯಿಸುತ್ತಾರೆ. 2021ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಜಾಲಕ್ಕೆ ದುಷ್ಕರ್ಮಿಗಳು ನುಗ್ಗಿದ್ದು ಬಳಕೆಯಲ್ಲಿಲ್ಲದ ಒಂದು ಹಳೆಯ ವಿಪಿಎನ್ ಖಾತೆಯ ಮೂಲಕ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೆಯ ಹಂತ ಇರಲಿಲ್ಲ. ಸುಮಾರು 5,500 ಮೈಲಿಯ ಇಂಧನ ಕೊಳವೆ ಮಾರ್ಗ ದಿನಗಳ ಕಾಲ ನಿಂತಿತು, ಕಂಪನಿ 75 ಬಿಟ್‌ಕಾಯಿನ್ ಒತ್ತೆಹಣ ತೆತ್ತಿತು. ಇನ್ನು ಮುಂದೆ ಯಾರಾದರೂ ‘ಸದ್ಯಕ್ಕೆ’ ಎಂದರೆ ಅದನ್ನು ಯಾವ ದಿನ ವಾಪಸು ಹಾಕುತ್ತೀರಿ ಎಂದು ಬರೆಸಿಕೊಳ್ಳಿ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: ‘ಕೂಡುತ್ತದೆ, ಕೆಲಸವೂ ಆಗುತ್ತದೆ, ಆದರೆ ನಡುನಡುವೆ ಕಡಿದುಹೋಗುತ್ತದೆ. ಏನು ನೋಡಬೇಕು?’

ಕಡಿದ ಹೊತ್ತನ್ನು ಮೂರು ದಿನ ಬರೆದಿಡಿ. ಪ್ರತಿ ಸಲ ಕೂಡಿದ ಸರಿಯಾಗಿ ಒಂದು ಗಂಟೆಗೆ, ಅಥವಾ ಎಂಟು ಗಂಟೆಗೆ ಕಡಿಯುತ್ತಿದ್ದರೆ ಅದು ಸರ್ವರಿನಲ್ಲಿ ಬರೆದಿಟ್ಟ ಅವಧಿ, ಅಥವಾ ಗುಪ್ತಲಿಪಿಯ ಕೀಲಿ ಹೊಸದು ಮಾಡಿಕೊಳ್ಳುವಾಗ ಎರಡು ಕಡೆಯವರಿಗೆ ಹೊಂದಾಣಿಕೆ ಆಗುತ್ತಿಲ್ಲ. ನೀವು ಏನೂ ಮಾಡದೆ ಸುಮ್ಮನಿದ್ದಾಗ ಮಾತ್ರ ಕಡಿದರೆ, ದಾರಿಯ ರೂಟರ್ ಈ ಸಂಪರ್ಕ ಮುಗಿಯಿತೆಂದು ತನ್ನ ಪಟ್ಟಿಯಿಂದ ಅಳಿಸುತ್ತಿದೆ. ಆಗಾಗ ಒಂದು ಸಣ್ಣ ಪ್ಯಾಕೆಟ್ ಕಳಿಸಿ ಎಚ್ಚರವಿಡುವ ಆಯ್ಕೆ ಹಾಕಿ. ವೈರ್‌ಗಾರ್ಡಿನಲ್ಲಿ ಅದಕ್ಕೆ 25 ಸೆಕೆಂಡ್ ಇಡುವುದು ರೂಢಿ. ಹೊತ್ತುಗೊತ್ತಿಲ್ಲದೆ ಕಡಿದರೆ ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ. ಮುಚ್ಚಳ ಮುಚ್ಚಿ ತೆರೆದ ಮೇಲೆ ಕಡಿದಿದ್ದರೆ ಅದು ನಿದ್ದೆಯಿಂದ ಎದ್ದ ಕಂಪ್ಯೂಟರಿನ ಗೊಂದಲ, ಅದಕ್ಕೆ ದೂರು ಬೇಡ.

ಇನ್ನೊಬ್ಬರು ಹಿಂದಿನ ಸಾಲಿನಿಂದ ಕೇಳಿದರು: ‘ಇಷ್ಟೆಲ್ಲ ಯಾಕೆ? ನಾನು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತೇನೆ, ಸರಿಹೋಗುತ್ತದೆ.’ ಸಭೆ ನಕ್ಕಿತು, ನಾನೂ ನಕ್ಕೆ.

ಸರಿಹೋಗುವುದು ನಿಜ. ಆದರೆ ವಿಂಡೋಸ್ 10 ಮತ್ತು 11ರಲ್ಲಿ ‘ಶಟ್‌ಡೌನ್’ ಕೊಟ್ಟರೆ, ವೇಗದ ಆರಂಭ ಎಂಬ ಸೌಲಭ್ಯ ಚಾಲೂ ಇರುವವರೆಗೆ, ವ್ಯವಸ್ಥೆಯ ತಿರುಳು ಪೂರ್ತಿ ಆರುವುದಿಲ್ಲ; ಅದರ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಅಡಾಪ್ಟರ್ ಕೆಟ್ಟೇ ಎದ್ದು ಬರುತ್ತದೆ. ‘ರೀಸ್ಟಾರ್ಟ್’ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ರೀಸ್ಟಾರ್ಟ್ ಕೊಡಿ, ಕೊಡುವ ಮೊದಲು ತಪ್ಪಿನ ಸಂದೇಶದ ಸಂಖ್ಯೆಯನ್ನೂ ಹೊತ್ತನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡನೆಯ ಸಲ ಅದೇ ಸಂಖ್ಯೆ ಬಂದರೆ ಚೀಟಿಯೊಂದಿಗೆ ನನ್ನ ಹತ್ತಿರ ಬನ್ನಿ.